ಒಂದು ಚಮಚ ನೀರು

ಕೊಡೆಯ ಕಡ್ಡಿಯ ತುದಿಯಿಂದ ಜಾರಿದ ಹನಿಯೊಂದು ಸರಿಯಾಗಿ ಕತ್ತಿನ ಹಿಂದೆ, ಖಾದಿ ಅಂಗಿಯ ಕಾಲರಿನೊಳಗೆ ಬಿದ್ದು ಬೆನ್ನಗುಂಟ ಇಳಿಯುತ್ತಿದೆ, ತಣ್ಣಗೆ, ನಿಧಾನಕ್ಕೆ, ತನಿಖೆಗೆ ಬಂದ ಅಧಿಕಾರಿಯ ಹಾಗೆ — ಇದು ವಿರೋಧ ಪಕ್ಷದ ಹನಿಯೇ ಸೈ, ನೋಣಯ್ಯನಿಗೆ ಸಂಶಯವಿಲ್ಲ, ಇಲ್ಲದಿದ್ದರೆ ಇಷ್ಟು ದೊಡ್ಡ ಕುದ್ರೋಳಿಯಲ್ಲಿ ಅದಕ್ಕೆ ಶಾಸಕನ ಕತ್ತೇ ಬೇಕಿತ್ತೇ, ಆದರೆ ಮೈ ಕೊಡವುವಂತಿಲ್ಲ, ಓಣಿಯ ಒಂದೊಂದು ಕಿಟಕಿಯಲ್ಲೂ ಹತ್ತು ಹತ್ತು ಕಣ್ಣು, ಎಮ್ಮೆಲ್ಲೆ ನಡುಗಿದ ಎಂದರೆ ಮಧ್ಯಾಹ್ನದೊಳಗೆ ಸುದ್ದಿ ಮಸ್ಕತ್ತು ಮುಟ್ಟುತ್ತದೆ. ವರ್ಷದ ಮೊದಲ ದೊಡ್ಡ ಮಳೆ, ಸಮುದ್ರವನ್ನೇ ಯಾರೋ ಎತ್ತಿ ಬೋರಲು ಹಾಕಿದ ಹಾಗೆ, ನೋಹನ ಕಾಲದ ಮಳೆ ಇದರ ಮುಂದೆ ಪನ್ನೀರು ಚಿಮುಕಿಸಿದಷ್ಟೆ, ಅದರ ನಡುವೆ ತಾನು ನಿಂತಿದ್ದೇನೆ, ಗೊಮ್ಮಟನ ಹಾಗೆ, ಬಟ್ಟೆ ಮಾತ್ರ ಉಂಟು. ಬೇರೆ ಶಾಸಕರು ಮಳೆ ನಿಂತ ಮೇಲೆ ಬರುತ್ತಾರೆ, ಪರಿಹಾರದ ಚೀಲ ಹಿಡಿದುಕೊಂಡು. ನೋಣಯ್ಯ ಮಳೆಗಿಂತ ಮೊದಲು ಬಂದವ. ಬರದೆ ಹೇಗೆ, ಮೈಕ್ ಕೈಗೆ ಸಿಕ್ಕಿದರೆ ನಾಲಿಗೆಗೆ ಬ್ರೇಕಿಲ್ಲ, ಓಣಿಯ ಹೊಸ ಚರಂಡಿಯ ಗುದ್ದಲಿ ಪೂಜೆಯ ದಿನ ತೆಂಗಿನಕಾಯಿ ಒಡೆದ ಹುರುಪಿನಲ್ಲಿ ಹೇಳಿಬಿಟ್ಟದ್ದಲ್ಲವೇ, ಬಂಧುಗಳೇ, ಈ ಮಳೆಗಾಲದಲ್ಲಿ ಒಂದು ಚಮಚ, ಒಂದೇ ಒಂದು ಚಮಚ ನೀರು ನಿಮ್ಮ ಹೊಸ್ತಿಲು ದಾಟಿದರೆ ಇಡೀ ಓಣಿ ಎದ್ದು ಜೆಪ್ಪುವಿನ ನನ್ನ ಮನೆಗೆ ಬನ್ನಿ, ಮಳೆಗಾಲ ಮುಗಿಯುವವರೆಗೆ ಊಟ ತಿಂಡಿ ನನ್ನದು! ಚಪ್ಪಾಳೆ ಬಿದ್ದದ್ದು ಹೇಗೆ, ಪಣಂಬೂರಿನಲ್ಲಿ ಹಡಗು ಬೆಚ್ಚಿಬಿದ್ದಿತ್ತು. ಆಗ ಹೆಂಗಸರ ಸಾಲಿನಿಂದ ಎದ್ದದ್ದು ಆಸ್ಯಮ್ಮ, ಓಣಿಯ ಕೊನೆಯ ತಗ್ಗಿನ ಮನೆಯವಳು, ಸೆರಗು ಸರಿಮಾಡಿಕೊಂಡು ಕೇಳಿದ್ದು ಒಂದೇ ಮಾತು: ಮಂಚ ನಾವೇ ತರ್ಬೇಕಾ ಎಮ್ಮೆಲ್ಲೆಯವ್ರೇ, ಅಲ್ಲ ಅಲ್ಲಿ ಉಂಟಾ? ಚಪ್ಪಾಳೆಗಿಂತ ಜೋರಾಗಿ ನಗು. ಮನೆಗೆ ಹೋದರೆ ಕುಶಲಾ ಬಾಗಿಲಲ್ಲೇ, ಹೆಂಡತಿಗೆ ಸುದ್ದಿ ತನಗಿಂತ ಮೊದಲು ಮುಟ್ಟಿತ್ತು, ಇರುದು ಎರಡು ಕೋಣೆ, ಒಂದರಲ್ಲಿ ನಾವು, ಇನ್ನೊಂದರಲ್ಲಿ ನಿಮ್ಮ ಸನ್ಮಾನದ ಶಾಲು, ಜನರನ್ನು ಎಲ್ಲಿ ಮಲಗಿಸುದು ಮಾರಾಯ್ರೆ? ಶಾಲು ಹೊದ್ದು ಮಲಗ್ಲಿ ಮಾರಾಯ್ತಿ. ಹಾಸ್ಲಿಕ್ಕೆ? ಅದೂ ಶಾಲೇ.

ನಗು ಬರುತ್ತದೆ, ಬರಲಿ, ಆದರೆ ಕಣ್ಣು ಮಾತ್ರ ಆಸ್ಯಮ್ಮನ ಮನೆಯ ಮೆಟ್ಟಿಲಿನಿಂದ ಕದಲುವುದಿಲ್ಲ, ಕೆಂಪು ಕಲ್ಲಿನ ಮೂರು ಮೆಟ್ಟಿಲು, ಕೆಳಗಿನದು ಈಗಲೇ ಅರ್ಧ ಮುಳುಗಿದೆ — ಒಳಗೆ ಅವಳ ಗಂಡ ಉಸ್ಮಾನ್ ಬ್ಯಾರಿ ಮಲಗಿದ್ದಾರೆ, ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡಿ ಹಡಗು ನಿಲ್ಲುವ ಇಡೀ ಧಕ್ಕೆಯನ್ನು ಗದರಿಸಿದ ಗಂಟಲು, ಈಗ ಲಕ್ವ ಹೊಡೆದು ಬಲಭಾಗ ಬಿದ್ದು ಮಂಚ ಹಿಡಿದಿದ್ದಾರೆ, ಮಂಚದ ಕಾಲಡಿಗೆ ಸಿಮೆಂಟಿನ ಇಟ್ಟಿಗೆ, ಪ್ರತಿ ಮಳೆಗಾಲಕ್ಕೂ ಇನ್ನೊಂದು ಇಟ್ಟಿಗೆ, ಹೀಗೇ ಆದರೆ ಬ್ಯಾರಿಗಳ ಮಂಚ ಹಂಚಿನ ಮಾಡನ್ನೇ ತೂತು ಮಾಡಿ ಹೊರಗೆ ಬರುತ್ತದೆ ಎಂದು ಹೋದ ವರ್ಷ ತಾನೇ ತಮಾಷೆ ಮಾಡಿದ್ದು. ಯಾರೂ ನಕ್ಕಿರಲಿಲ್ಲ. ಹೋದ ವರ್ಷ ನೀರು ಮಂಚ ಮುಟ್ಟಿದಾಗ ಅವರನ್ನು ಕುರ್ಚಿ ಸಮೇತ ಎತ್ತಿ ಹೊರಗೆ ತಂದವರಲ್ಲಿ ತಾನೂ ಒಬ್ಬ — ಒಬ್ಬ ಎಂತ, ತಾನೊಬ್ಬನೇ, ಉಳಿದ ನಾಲ್ವರು ಸುಮ್ಮನೆ ಕುರ್ಚಿ ಮುಟ್ಟಿದ್ದು — ಆಗ ಅವರು ಕಣ್ಣು ಮುಚ್ಚಿಕೊಂಡಿದ್ದರು, ಓಣಿಯವರು ನೋಡುವುದನ್ನು ತಾನು ನೋಡಬಾರದೆಂದು. ದುಬೈಯಲ್ಲಿರುವ ಮಗ ಅರ್ಶದ್ ಫೋನಿನಲ್ಲಿ ತಾಯಿಗೆ ಹೇಳಿಯೇ ಬಿಟ್ಟ, ಸಾಕು ಉಮ್ಮ, ಕಾವೂರಿನಲ್ಲಿ ಫ್ಲ್ಯಾಟ್ ನೋಡಿದ್ದೇನೆ, ಇನ್ನೊಂದು ಸಲ ನೀರು ಒಳಗೆ ಬಂದ್ರೆ ಈ ಮನೆ ಮಾರುದು, ಮತ್ತೆ ಮಾತಿಲ್ಲ. ಮಗನ ಮಾತು ತಪ್ಪಲ್ಲ, ಅಷ್ಟು ದೂರದಲ್ಲಿ ಕೂತು ಮಳೆ ಹೆಸರು ಕೇಳಿದರೆ ಹೆದರುವವನದ್ದು. ಆದರೆ ಬ್ಯಾರಿಗಳು ಅರ್ಧ ಬಾಯಲ್ಲಿ ಹೇಳಿದ್ದು ತನ್ನ ಕಿವಿಗೇ, ನೋಣಯ್ಯಣ್ಣ, ನನ್ನನ್ನು ಇಲ್ಲಿಂದ ಇನ್ನು ಎತ್ತುದಾದ್ರೆ ಒಂದೇ ಸಲ, ಪಳ್ಳಿಗೆ, ಮಸೀದಿಯ ಮಣ್ಣಿಗೆ. ಆ ಮಾತು ಕೇಳಿದ ಮೇಲೆ ಮೈಕಿನಲ್ಲಿ ನಾಲಿಗೆ ಜಾರದಿದ್ದರೆ ಅದು ನಾಲಿಗೆಯೇ ಅಲ್ಲ.

ಚರಂಡಿ ಆದದ್ದಾದರೂ ಹೇಗೆ, ಸರಕಾರದಿಂದಲೋ, ಯಂತ್ರದಿಂದಲೋ, ಅಲ್ಲ, ಹೊಟ್ಟೆಯಿಂದ! ಶಾಸಕನ ಕಚೇರಿ ಎಂದರೆ ಹೊಟ್ಟೆ, ಈ ಊರಿನಲ್ಲಿ ಉಂಡ ಮನೆಯಲ್ಲಿ ಮಾತ್ರ ಕೇಳಬಹುದು. ನೀರು ಹೊಳೆ ಸೇರಬೇಕಾದರೆ ಓಣಿಯ ತುದಿಯಲ್ಲಿ ಎರಡು ಕಾಂಪೌಂಡುಗಳ ನಡುವೆ ಹಾದು ಹೋಗಬೇಕು, ಈ ಕಡೆ ಬದ್ರುದ್ದೀನನ ಮರದ ಗೋದಾಮು, ಆ ಕಡೆ ರಾಯ್‌ಸ್ಟನ್‌ನ ಹಂಚಿನ ಮನೆ, ಇಬ್ಬರೂ ಗೋಡೆಯನ್ನು ಒಂದು ಮೊಳ ಒಳಗೆ ಸರಿಸಬೇಕು, ಮಂಗಳೂರಿನವನು ಬೇಕಾದರೆ ಮೂತ್ರಪಿಂಡ ಕೊಡುತ್ತಾನೆ, ಕಾಂಪೌಂಡಿನ ಮೊಳ ಕೊಡುತ್ತಾನೆಯೇ? ಅವ ಕೊಡ್ಲಿ, ಮತ್ತೆ ನಾನು ನೋಡುವ ಎಂದ ಬದ್ರುದ್ದೀನ್. ಮೊದ್ಲು ಅವ್ನು ಕೊಡ್ಲಿ ಎಂದ ರಾಯ್‌ಸ್ಟನ್. ಇಂಜಿನಿಯರುಗಳು ಬಂದರು, ಅಳೆದರು, ಹೋದರು. ಆಗ ಬಂತು ಆ ಭಾಗ್ಯದ ಭಾನುವಾರ — ಮಧ್ಯಾಹ್ನ ಬದ್ರುದ್ದೀನನ ತಂಗಿ ಮಗಳ ನಿಖಾ, ಸಂಜೆ ರಾಯ್‌ಸ್ಟನ್‌ನ ಮಗಳು ಸಿಂಥಿಯಾಳ ರೋಸ್, ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ನಿಖಾದಲ್ಲಿ ಒಂದು ಕುರಿಯಷ್ಟು ಬಿರಿಯಾನಿ ಉಂಡು ಕೈ ತೊಳೆಯುವಾಗ ಬದ್ರುದ್ದೀನನ ಕಿವಿಯಲ್ಲಿ ಉಸಿರಿದ್ದು, ಗೊತ್ತುಂಟಾ, ರಾಯ್‌ಸ್ಟನ್ ಜಾಗ ಕೊಟ್ಟಾಯ್ತು, ಅವನ ಹೆಸರಲ್ಲಿ ಓಣಿಗೆ ಬೋರ್ಡು ಹಾಕ್ಬೇಕು ಅಂತ ಜನ ಹೇಳ್ತಿದ್ದಾರೆ. ಬದ್ರುದ್ದೀನನ ಮುಖ ಹೇಗಾಯಿತು! ಅವ ಕೊಟ್ಟನಾ? ಹಾಗಾದ್ರೆ ನಾನೆಂತ ಕಮ್ಮಿಯಾ? ಅದೇ ಸಂಜೆ ಮದುಮಗಳ ತಲೆಗೆ ತೆಂಗಿನ ಹಾಲು ಹಚ್ಚಿ ಹರಸುವಾಗ, ಹಾಲು ಮೆತ್ತಿದ ಬೆರಳಲ್ಲೇ ರಾಯ್‌ಸ್ಟನ್‌ನ ತೋಳು ಹಿಡಿದು, ಬದ್ರುದ್ದೀನ್ ಕೊಟ್ಟುಬಿಟ್ಟ ಮಾರಾಯ, ಒಂದು ಮೊಳ ಸಾಕು ಅಂದ್ರೂ ಕೇಳುದಿಲ್ಲ, ಒಂದೂವರೆ ತಗೊಳ್ಳಿ ಅಂತಾನೆ — ಇದು ಅರ್ಧ ನಿಜ, ನಿಜದ ಅರ್ಧ ಯಾವುದು ಎಂದು ಹೇಳಬೇಕಾಗಿಲ್ಲ. ರಾಯ್‌ಸ್ಟನ್ ಎರಡು ಮೊಳ ಕೊಟ್ಟ. ಜಗತ್ತಿನ ದೊಡ್ಡ ದೊಡ್ಡ ಒಪ್ಪಂದಗಳಿಗೆ ಕೋಟು ಹಾಕಿದವರು ಯಾಕೆ ಹೋಗುತ್ತಾರೋ, ಒಂದು ಬಿರಿಯಾನಿ, ಒಂದು ರೋಸ್, ಒಬ್ಬ ನೋಣಯ್ಯ ಸಾಕು.

ಎಮ್ಮೆಲ್ಲೆ ಸಾರ್! ಎಂದು ಯಾರೋ ಕೂಗುತ್ತಿದ್ದಾರೆ, ತಿರುಗಿದರೆ ಆ ಕಡೆಯಿಂದ ರಾಯ್‌ಸ್ಟನ್, ಈ ಕಡೆಯಿಂದ ಬದ್ರುದ್ದೀನ್, ಇಬ್ಬರೂ ಕೊಡೆ ಮುಂದೆ ಮಾಡಿ ಗೂಳಿಗಳ ಹಾಗೆ, ಸತ್ತೆ, ಇಬ್ಬರೂ ಎಲ್ಲೋ ಮಾತಾಡಿಕೊಂಡಿದ್ದಾರೆ, ನಾನು ಮೊದ್ಲು ಕೊಟ್ಟದ್ದಾ? ಹೌದಾ? ನಾನು ಹೂಂ ಅನ್ನುವಾಗ ಇವ ಇನ್ನೂ ಕೊಟ್ಟಿರ್ಲೇ ಇಲ್ಲಂತಲ್ಲ! ಎಂದು ಬದ್ರುದ್ದೀನ್. ನನ್ನ ಮಗಳ ರೋಸ್‌ನಲ್ಲಿ ನಿಂತು ಸುಳ್ಳು ಹೇಳಿದ್ರಲ್ಲ ಸಾರ್, ನಿಮ್ಗೆ ನಾಚಿಕೆ ಉಂಟಾ? ನಾಚಿಕೆ ಎಂತದು, ಇಬ್ಬರಿಗೂ ಒಂದೊಂದು ಬೋರ್ಡು ಹಾಕಿಸುವ ಎಂದು ಹೇಳಲು ಬಾಯಿ ತೆರೆದವನು ಹಾಗೇ ನಿಂತ, ಯಾಕೆಂದರೆ ಕೆಳಗಿನ ಮೆಟ್ಟಿಲು ಕಾಣುತ್ತಿಲ್ಲ. ನಡುವಿನದೂ ಕಾಣುತ್ತಿಲ್ಲ. ನೀರು ಏರುತ್ತಿದೆ, ಕೆಂಪಾಗಿ, ಮೇಲಿನ ಮೆಟ್ಟಿಲನ್ನು ನೆಕ್ಕುತ್ತಿದೆ, ಹೊಸ್ತಿಲಲ್ಲಿ ಆಸ್ಯಮ್ಮ ನಿಂತಿದ್ದಾಳೆ, ಬೈಯುತ್ತಿಲ್ಲ, ಅದೇ ಹೆದರಿಕೆ, ಅವಳು ಬೈಯದೆ ಇದ್ದದ್ದನ್ನು ಯಾರೂ ಕಂಡದ್ದಿಲ್ಲ, ಕೈಯಲ್ಲಿ ಮೊಬೈಲು, ದುಬೈಗೋ, ಮಗನಿಗೋ, ಕಾವೂರಿನ ಮೂರನೇ ಮಹಡಿಗೋ, ಮತ್ತು ತನ್ನ ಚರಂಡಿ, ಹೊಟ್ಟೆಯಿಂದ ಹೆತ್ತ ಚರಂಡಿ, ಯಾಕೆ ಕುಡಿಯುತ್ತಿಲ್ಲ ನೀರು, ಯಾಕೆ — ಓಡಿದ, ಶಾಸಕನೊಬ್ಬ ಪಂಚೆ ಎತ್ತಿಕಟ್ಟಿ ಓಡುವುದನ್ನು ಕುದ್ರೋಳಿ ಮೊದಲ ಸಲ ಕಂಡಿತು, ಕೊಡೆ ಎಲ್ಲಿ ಹಾರಿತೋ, ಚಪ್ಪಲಿ ಎಲ್ಲಿ ಹೋಯಿತೋ, ಚರಂಡಿಯ ಬಾಯಿಗೆ ಹಾಕಿದ ಕಬ್ಬಿಣದ ಸರಳುಗಳ ಹತ್ತಿರ ನೀರು ಗಿರಗಿರ ತಿರುಗುತ್ತಿದೆ, ಬಗ್ಗಿ ನೋಡಿದರೆ ಕೆಂಪು ನೀರಿನಡಿಯಿಂದ ಯಾರೋ ತನ್ನನ್ನೇ ನೋಡುತ್ತಿದ್ದಾರೆ. ಒಂದು ಕಣ್ಣು, ತಟ್ಟೆಯಷ್ಟು ದೊಡ್ಡದು. ಪರಿಚಯದ ಕಣ್ಣು. ಅದರ ಕೆಳಗೆ ಪರಿಚಯದ ಮೀಸೆ, ಜೋಡಿಸಿದ ಕೈ. ಕೊಟ್ಟ ಮಾತು ಉಳಿಸಿದ ಧೀರ, ಜನಮನದ ನೋಣಯ್ಯಣ್ಣನಿಗೆ ಓಣಿಯ ಜನತೆಯ ಕೃತಜ್ಞತೆಗಳು! ನಿನ್ನೆ ಪಿ.ಎ. ರೂಪೇಶ ಮತ್ತು ಹುಡುಗರು ಓಣಿಯ ಬಾಯಿಗೆ ಕಟ್ಟಿದ ಫ್ಲೆಕ್ಸ್, ರಾತ್ರಿ ಗಾಳಿಗೆ ಹರಿದು ಬಂದು ಸರಳಿಗೆ ಅಂಟಿಕೊಂಡು ಚರಂಡಿಯ ಬಾಯಿ ಮುಚ್ಚಿದೆ, ತನ್ನ ಮುಖವೇ, ಎಷ್ಟು ದೊಡ್ಡದು ಮಾಡಿಸಿದ್ದಾರೆ ಈ ಮಕ್ಕಳು, ಸಣ್ಣ ಮುಖವಾಗಿದ್ದರೆ ನೀರು ಹೋಗುತ್ತಿರಲಿಲ್ಲವೇ!

ಹಾರಿದ. ನೀರು ಕುತ್ತಿಗೆಯವರೆಗೆ — ಸೊಂಟದವರೆಗೆ — ಆಯಿತು, ಮೊಣಕಾಲಿನವರೆಗೆ, ಆದರೆ ಆ ಸೆಳೆತ, ಆನೆಯಾದರೆ ಕೊಚ್ಚಿಹೋಗುತ್ತಿತ್ತು, ತನ್ನ ಕೆನ್ನೆಯನ್ನು ತಾನೇ ಹಿಡಿದು ಎಳೆದರೂ ಬರುವುದಿಲ್ಲ, ತನ್ನ ಮೀಸೆಯನ್ನು ತಾನೇ ಜಗ್ಗಿದರೂ ಬರುವುದಿಲ್ಲ, ಜಾರಿದ, ಒಂದು ಕೈ ಸೊಂಟ ಹಿಡಿಯಿತು, ಇನ್ನೊಂದು ಕೈ ಇನ್ನೊಂದು ಬದಿಯಿಂದ, ಬಿಡ್ಬೇಡ ಹಿಡಿ, ನೀನು ಬಿಡ್ಬೇಡ ಮೊದ್ಲು! ನಾನು ಮೊದ್ಲೇ ಹಿಡಿದದ್ದು ಮಾರಾಯ, ಬದ್ರುದ್ದೀನ್ ಮತ್ತು ರಾಯ್‌ಸ್ಟನ್, ಇಲ್ಲಿಯೂ ಯಾರು ಮೊದಲು ಎಂಬ ಜಗಳ, ಸಾರ್ ನಿಮ್ಮ ಮೂಗು ಸಿಕ್ಕಿಕೊಂಡಿದೆ, ಮೂಗು ಎಳೀರಿ! ಎಳೆದ, ಮೂವರೂ ಸೇರಿ ಎಳೆದರು, ಪರ್ರನೆ ಧೀರನ ಮುಖ ನಡುವೆಯೇ ಹರಿಯಿತು, ಅರ್ಧ ಮೀಸೆ ಈಚೆ, ಅರ್ಧ ಮೀಸೆ ಆಚೆ, ಮೂವರೂ ಅಂಗಾತ ಬಿದ್ದರು, ಅಷ್ಟರಲ್ಲಿ ಕೇಳಿತು ಆ ಸದ್ದು, ಗುಳುಂ, ಮತ್ತೆ ಗುಳುಂ ಗುಳುಂ, ಮೂರು ದಿನ ನೋಂಬು ಹಿಡಿದವ ನೀರಿನ ಲೋಟ ಎತ್ತಿದ ಹಾಗೆ ಚರಂಡಿ ಕುಡಿಯತೊಡಗಿತು, ಓಣಿಯನ್ನು ಕುಡಿಯಿತು, ಕುದ್ರೋಳಿಯನ್ನು ಕುಡಿಯಿತು, ಮೇಲಿನ ಮೆಟ್ಟಿಲು ಕಂಡಿತು, ನಡುವಿನದು ಕಂಡಿತು, ಕಿಟಕಿಗಳಿಂದ ಎದ್ದ ಕೂಗು, ಅಯ್ಯೋ ಆ ಕೂಗು, ಮತ ಎಣಿಕೆಯ ದಿನವೂ ಕೇಳಿರಲಿಲ್ಲ, ಯಾರೋ ತಟ್ಟೆ ಬಡಿಯುತ್ತಿದ್ದಾರೆ, ಯಾರೋ ಸೀಟಿ, ಬದ್ರುದ್ದೀನನ ಗಡ್ಡದಲ್ಲಿ ಕೆಸರು, ರಾಯ್‌ಸ್ಟನ್ ಅವನನ್ನು ನೋಡಿ ನಗುತ್ತಿದ್ದಾನೆ, ನಿನ್ನ ಹೆಸರೇ ಹಾಕ್ಸು ಮಾರಾಯ ಬೋರ್ಡಿಗೆ, ನಾನು ಬೇಡ ಅನ್ನುದಿಲ್ಲ, ಥೂ ನಿನ್ನದೇ ಹಾಕ್ಸು ಎಂದು ಇವನು.

ಗೆದ್ದೆ, ಗೆದ್ದೆ, ಎಂದು ಹೆಜ್ಜೆ ಹೆಜ್ಜೆಗೂ ಹೇಳಿಕೊಂಡು ನೋಣಯ್ಯ ಮೂರೂ ಮೆಟ್ಟಿಲು ಒಂದೇ ನೆಗೆತಕ್ಕೆ ಹತ್ತಿ, ಉಸ್ಮಾನ್ ಬ್ಯಾರಿಗಳೇ ಎಂದು ಕೂಗುತ್ತ ಒಳಗೆ ಕಾಲಿಡಬೇಕು, ಆಸ್ಯಮ್ಮನ ಕೈ ಎದೆಗೆ ಅಡ್ಡ ಬಂತು. ನಿಲ್ಲಿ ಅಲ್ಲೇ, ಒಳಗೆ ಬರ್ಲಿಕ್ಕಿಲ್ಲ! ಯಾಕೆ ಆಸ್ಯಮ್ಮ, ನೀರು ನಿಂತಿತಲ್ಲ? ನಿಂತಿತು, ಆದ್ರೆ ನಿಮ್ಮ ಮೈಯಿಂದ ಇಳಿಯುದೆಂತ, ಪನ್ನೀರಾ? ಪಂಚೆಯಲ್ಲೇ ಒಂದು ಕೊಡ ಉಂಟು. ಹೊಸ್ತಿಲು ದಾಟಿದ್ರೆ ನಾನು ಮಂಚ ಕಟ್ತೇನೆ, ಜೆಪ್ಪುವಿಗೆ. ಹೇಳಿದವಳ ಕಣ್ಣಲ್ಲಿ ನೀರಿತ್ತು, ಸೆರಗಿನ ತುದಿಯಿಂದ ಅದನ್ನು ಒರಸಿಕೊಂಡಳು, ಇದೂ ಒಳಗೆ ಬೀಳಬಾರದು ಎಂಬ ಹಾಗೆ, ಆಮೇಲೆ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ಕೇಳಿತಾ ಅರ್ಶದೇ, ಒಣಗಿದೆ, ನೆಲ ಒಣಗಿಯೇ ಉಂಟು, ಆ ಫ್ಲ್ಯಾಟಿನವನಿಗೆ ಬೇಡ ಅಂತ ಹೇಳು.

ಆದ್ದರಿಂದ ಅವನು ಹೊಸ್ತಿಲಿನ ಹೊರಗೇ ನಿಂತ, ತೊಟ್ಟಿಕ್ಕುತ್ತ, ವಿಧಾನಸೌಧದ ಎತ್ತರ ಬೆಳೆದು, ನಾಳೆ ಸದನದಲ್ಲಿ ಹೇಳಬೇಕು, ಮಾನ್ಯ ಸಭಾಧ್ಯಕ್ಷರೇ, ಒಂದು ಓಣಿಯ ನೀರನ್ನು ಒಬ್ಬನೇ — ಅಷ್ಟರಲ್ಲಿ ಆಸ್ಯಮ್ಮನ ಭುಜದ ಆಚೆ, ಅರೆಗತ್ತಲಲ್ಲಿ, ಇಟ್ಟಿಗೆಯ ಮೇಲಿನ ಮಂಚದಿಂದ ಒಂದು ಕಾಲು ಕೆಳಗಿಳಿಯಿತು, ಎಡಗಾಲು, ತೆಳ್ಳಗಿನ ಬಿಳಿಚಿದ ಕಾಲು, ನೆಲ ಹುಡುಕುತ್ತ, ಹೆಬ್ಬೆರಳು ಮೊದಲು — ಸಭಾಧ್ಯಕ್ಷರೇ, ಈ ರಾಜ್ಯದ ಇತಿಹಾಸದಲ್ಲಿ — ಹೆಬ್ಬೆರಳು ಕೆಂಪು ನೆಲವನ್ನು ಮುಟ್ಟಿ ಹಿಂದಕ್ಕೆ ಹೋಯಿತು, ನೀರಿದೆಯೋ ಎಂದು ಅಂಜಿದ ಹಾಗೆ, ಮತ್ತೆ ಮುಟ್ಟಿತು, ಟಕ್, ಒಣ ನೆಲದ ಸದ್ದು — ಪತ್ರಿಕೆಯವರಿಗೆ ಹೇಳಬೇಕು, ರೂಪೇಶನಿಗೆ ಬೈಯಬೇಕು, ಕುಶಲಾಳಿಗೆ ಫೋನು, ಶಾಲುಗಳು ಬಚಾವಾದವು ಎಂದು — ಟಕ್, ಟಕ್, ಕುಣಿತದ ತಾಳ ಹಿಡಿದ ಹಾಗೆ, ಧಕ್ಕೆಯಲ್ಲಿ ಹಡಗಿನವರನ್ನು ಗದರಿಸುವಾಗ ಇದೇ ಕಾಲು ಹೀಗೇ ನೆಲ ಬಡಿಯುತ್ತಿತ್ತಲ್ಲ, ಮುಖ ಕಾಣುವುದಿಲ್ಲ, ನಗುತ್ತಿದ್ದಾರೋ ಏನೋ, ಕಾಣುವುದು ಕಾಲೊಂದೇ, ಇತಿಹಾಸದಲ್ಲಿ ಮೊದಲ ಬಾರಿಗೆ — ಏನು ಮೊದಲ ಬಾರಿಗೆ, ಯಾವ ಇತಿಹಾಸ, ಮುಂದಿನ ಮಾತು ಯಾವುದು, ಹೆಬ್ಬೆರಳು, ನೆಲ, ಟಕ್, ಕೆಂಪು ನೆಲದ ಮೇಲೆ ಧೂಳು, ಧೂಳಿನ ಮೇಲೆ ಹೆಬ್ಬೆರಳಿನ ಒಂದು ಗುರುತು, ಒಣಗಿದ್ದು.