ಕಟ್ಟಿದ ಕೈ ಬರಲಿ

ಸ್ಟೋರಿನ ಕೆಳಗಿನ ಕಲ್ಲುಗಳ ಮೇಲೆಲ್ಲ ನೆತ್ತರು ಹರಿದಿದೆ ಎಂದು ಹೆಂಡತಿ ಡ್ರುಸಿಲಾ ಕೂಗಿಕೊಂಡಾಗ ಅಜರಾಯ ಸ್ನೂಕ್ ಚಹಾದ ಬಟ್ಟಲನ್ನು ಇನ್ನೂ ತುಟಿಗೆ ಮುಟ್ಟಿಸಿರಲಿಲ್ಲ.

“ಯಾರೋ ಸೀಲು ಪ್ರಾಣಿ ಕೊಯ್ದಿರಬೇಕು ಕಣೆ. ಉಬ್ಬರ ಬಂದ್ರೆ ತೊಳ್ಕೊಂಡು ಹೋಗುತ್ತೆ,” ಎಂದ ಕುಳಿತಲ್ಲಿಂದಲೇ.

“ಸೀಲೂ ಅಲ್ಲ, ಗೀಲೂ ಅಲ್ಲ ಮಾರಾಯ. ನಿನ್ನ ಸ್ಟೋರೇ ಸೋರ್ತಾ ಇದೆ. ಎದ್ದು ಬಾ!”

ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ದಂಡೆಯ ಗ್ಯಾನೆಟ್ ಕೋವ್ ಎಂಬ ಪುಟ್ಟ ಕೊಲ್ಲಿಯ ಹಳ್ಳಿಯಲ್ಲಿ ಪ್ರತಿ ಮನೆಗೂ ನೀರಂಚಿನಲ್ಲಿ ಮರದ ಕಾಲುಗಳ ಮೇಲೆ ನಿಂತ ಸಾಮಾನಿನ ಕೊಟ್ಟಿಗೆಯೊಂದಿದೆ, ಅದೇ ಸ್ಟೋರು. ಮೀನುಗಾರಿಕೆಯಿದ್ದಾಗ ಅಲ್ಲಿ ಬಲೆ, ಹಗ್ಗ, ಉಪ್ಪು ಇರುತ್ತಿದ್ದವು. ಅಜರಾಯ ದೋಣಿ ಕಟ್ಟುವವನು. ಅವನ ಸ್ಟೋರಿನಲ್ಲಿ ಈಗ ಉಳಿದಿದ್ದವು ಬಣ್ಣದ ಡಬ್ಬಿಗಳು ಮಾತ್ರ. ಅರ್ಧ ಖಾಲಿಯಾದವು, ಕಾಲು ಉಳಿದವು, ಮುಚ್ಚಳ ಕಚ್ಚಿಕೊಂಡು ತೆರೆಯದವು. ಯಾವ ದೋಣಿಗೆ ಯಾವ ಬಣ್ಣ ಬಳಿದೆನೆಂಬುದು ಆ ಡಬ್ಬಿಗಳಿಗಲ್ಲದೆ ಇನ್ನಾರಿಗೂ ನೆನಪಿರಲಿಲ್ಲ. ಒಂದನ್ನೂ ಎಸೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಕೆಳಗಿಳಿದು ನೋಡಿದರೆ, ದೋಣಿಯ ತಳಕ್ಕೆ ಬಳಿಯುವ ಕೆಂಪಿನ ಡಬ್ಬಿಯೊಂದು ತುಕ್ಕು ತಿಂದು ತಳ ಬಿಟ್ಟಿತ್ತು. ಬಣ್ಣ ಹಲಗೆಗಳ ಸಂದಿನಿಂದ ಜಿನುಗಿ ಕಲ್ಲುಗಳ ಮೇಲೆ ಮಡುಗಟ್ಟಿತ್ತು. ಇಳಿತದ ಹೊತ್ತಾದ್ದರಿಂದ ಕಡಲು ಇನ್ನೂ ದೂರದಲ್ಲಿತ್ತು. ಮಧ್ಯಾಹ್ನ ಅದು ಮೇಲೇರಿ ಬಂದರೆ ಆ ಕೆಂಪನ್ನೆಲ್ಲ ಎಳೆದುಕೊಂಡು ಹೋಗುವುದು ಖಚಿತ. ಅಲ್ಲೇ ಎದುರಿಗೆ, ನೀರಿನಲ್ಲಿ ಸಾಲಾಗಿ ಕಟ್ಟಿದ ಪ್ಲಾಸ್ಟಿಕ್ಕಿನ ತೇಲುಬುರುಡೆಗಳ ಕೆಳಗೆ, ಡ್ರುಸಿಲಾಳ ಅಣ್ಣನ ಮಗಳು ಮೆಲ್ವೀನಾ ತಿನ್ನುವ ನೀಲಿಕಲ್ಲು ಚಿಪ್ಪು ಬೆಳೆಸಲು ಹಗ್ಗಗಳನ್ನು ಇಳಿಬಿಟ್ಟಿದ್ದಳು. ಊರು ಬಿಟ್ಟು ಹೋಗದೆ ಇಲ್ಲೇ ಬದುಕಬೇಕೆಂದು ಹಟ ತೊಟ್ಟು ಅವಳು ಬೆಳೆಸಿದ ಮೊದಲ ಫಸಲು ಅದು. ಚಿಪ್ಪು ತನ್ನ ಸುತ್ತಲಿನ ನೀರನ್ನೇ ಸೋಸಿ ಬದುಕುವ ಜೀವಿ. ನೀರಿನಲ್ಲಿ ಏನಿದ್ದರೂ ಅದರ ಒಡಲಿಗೆ ಹೋಗಲೇಬೇಕು.

ಡ್ರುಸಿಲಾ ಮೆಲ್ವೀನಾಳಿಗೆ ಫೋನು ಮಾಡಲು ಒಳಗೆ ಹೋದಳು. ಅಜರಾಯನಿಗೆ ತೋಚಿದ್ದು ಕೋವಿನ ಹಳೆಯ ಉಪಾಯ. ಉಳಿದ ಡಬ್ಬಿಗಳನ್ನೆಲ್ಲ ಒಂದೇ ಡ್ರಮ್ಮಿಗೆ ಸುರಿದು, ಕೋಲಿನಿಂದ ಕಲಕಿ, ಸ್ಟೋರಿನ ಹಿಂಗೋಡೆಗೆ ಬಳಿದುಬಿಡುವುದು. ಹಾಗೆ ಹುಟ್ಟುವ ಬಣ್ಣಕ್ಕೆ ಕೋವಿನವರು ಇಟ್ಟ ಹೆಸರು ‘ಇದ್ದದ್ದು’. ನಿಮ್ಮ ಸ್ಟೋರು ಯಾವ ಬಣ್ಣವೆಂದು ಕೇಳಿದರೆ ಅರ್ಧ ಊರು ‘ಇದ್ದದ್ದು’ ಎಂದೇ ಉತ್ತರ ಕೊಡುತ್ತದೆ.

ಮೂರು ಡಬ್ಬಿ ಸುರಿದಿದ್ದ, ಅಷ್ಟರಲ್ಲಿ ಮೊಣಕಾಲುದ್ದದ ಬೂಟು ಬಡಿಯುತ್ತ ಮೆಲ್ವೀನಾ ಬಂದಳು.

“ಮಾವ, ನಿಲ್ಲಿಸಿ! ಇನ್ನೊಂದು ಹನಿ ಬೆರೆಸಬೇಡಿ.”

“ಯಾಕೆ ನನ್ನ ಬಾತುಕೋಳಿ?” ಎಂದ ಅಜರಾಯ, ಕೋವಿನವರ ಮುದ್ದಿನ ಮಾತಿನಲ್ಲಿ. “ನಿನಗೋಸ್ಕರನೇ ಖಾಲಿ ಮಾಡ್ತಾ ಇದ್ದೀನಿ.”

“ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಕಲ್ಲು ಕೆರೆಯೋಣ. ಉಬ್ಬರ ಶುರುವಾಗೋ ಹೊತ್ತಾಯ್ತು.”

ಮೂವರೂ ಮೀನು ಸೀಳುವ ಚಾಕುಗಳನ್ನೂ ಹಳೆಯ ಗೋಣಿಗಳನ್ನೂ ಹಿಡಿದು ಮಂಡಿಯೂರಿದರು. ಗಟ್ಟಿಯಾದದ್ದನ್ನು ಕೆರೆದರು, ಹಸಿಯಿದ್ದದ್ದನ್ನು ಒರೆಸಿದರು, ಕೆಂಪು ಹತ್ತಿದ ಮರಳನ್ನೂ ಬಾಚಿದರು. ಎಲ್ಲವೂ ಆ ಡ್ರಮ್ಮಿಗೇ ಸೇರಿತು. ನೀರು ಬಂದು ಡ್ರುಸಿಲಾಳ ಬೂಟಿನ ತುದಿಯನ್ನು ಮುಟ್ಟುವ ಹೊತ್ತಿಗೆ ಕಲ್ಲುಗಳು ಮತ್ತೆ ಕಲ್ಲಿನ ಬಣ್ಣಕ್ಕೆ ಬಂದಿದ್ದವು. ಮೆಲ್ವೀನಾ ತನ್ನ ತೇಲುಬುರುಡೆಗಳ ಕಡೆ ನೋಡುತ್ತ ನಿಂತಳು. ಆ ನೋಟವನ್ನು ಕಂಡು ಅಜರಾಯನಿಗೆ ತನ್ನ ಕೈಯಲ್ಲಿದ್ದ ಚಾಕು ಭಾರವೆನಿಸಿತು.

ಅಡುಗೆಮನೆಯಲ್ಲಿ ಡ್ರುಸಿಲಾ ಹುದುಗು ಬಂದ ಹಿಟ್ಟಿನ ಬಿಲ್ಲೆಗಳನ್ನು ಕರಿದು, ಕಾಕಂಬಿ ಸುರಿದು ಮುಂದಿಟ್ಟಳು.

“ಈಗ ಹೇಳು,” ಎಂದ ಅಜರಾಯ. “ನಮ್ಮಪ್ಪ ಬೆರೆಸ್ತಿದ್ದ, ಅವರಪ್ಪ ಬೆರೆಸ್ತಿದ್ದ. ನಾನು ಬೆರೆಸಿದ್ರೆ ಮಾತ್ರ ತಪ್ಪಾ?”

“ಅವರ ಹತ್ರ ಒಂದು ಗೋಡೆಗೆ ಆಗೋವಷ್ಟು ಇತ್ತು ಮಾವ. ನಿಮ್ಮ ಹತ್ರ ಇಡೀ ಕೋವಿಗೆ ಬಳಿಯೋವಷ್ಟಿದೆ. ನೀರು ಬೆರೆಸಿ ಬಳಿಯೋ ಬಣ್ಣ ಬೇರೆಯಾಗಿ ಸಿಕ್ಕಿದ್ರೆ ಅದರಿಂದ ಮತ್ತೆ ಬಣ್ಣ ಮಾಡಬಹುದು. ಎಣ್ಣೆ ಬಣ್ಣಕ್ಕೆ ಬೇರೆ ದಾರಿ, ಅದನ್ನ ಉರುವಲಿಗೆ ಒಯ್ತಾರೆ. ಎರಡನ್ನೂ ಕಲಸಿದ್ರೆ ಇದಕ್ಕೂ ಇಲ್ಲ, ಅದಕ್ಕೂ ಇಲ್ಲ.”

“ಯಾರು ಒಯ್ತಾರೆ?”

“ಬಣ್ಣ ಮಾಡಿ ಮಾರಿದವರೇ.”

ಅಜರಾಯ ಕೆಮ್ಮು ಬರುವವರೆಗೆ ನಕ್ಕ. “ಕಂಪನಿಯವರು! ನನ್ನ ತುಕ್ಕು ಡಬ್ಬಿ ಹೊರೋದಕ್ಕೆ ಕೋಟು ಹಾಕ್ಕೊಂಡು ಬರ್ತಾರಂತೆ. ಡ್ರುಸೀ, ಕೇಕು ಮಾಡು, ನೆಂಟರು ಬರ್ತಾರೆ!”

“ಬರಲಿ, ನಿನ್ನನ್ನೂ ಜೊತೆಗೇ ಕೊಟ್ಟು ಕಳಿಸ್ತೀನಿ. ನಿನ್ನ ಮುಚ್ಚಳವೂ ಸಡಿಲ ಆಗಿದೆ.”

ಮೆಲ್ವೀನಾ ನಗುತ್ತ ಬಟ್ಟಲು ಕೆಳಗಿಟ್ಟಳು. ಚಿಪ್ಪು ಬೆಳೆಸುವ ಮೊದಲು ಅವಳು ಪಟ್ಟಣದ ಬಣ್ಣದಂಗಡಿಯ ಗಲ್ಲಾದಲ್ಲಿ ಕೂತಿದ್ದವಳು. “ಅವರಷ್ಟಕ್ಕೆ ಅವರು ಬರ್ತಿರಲಿಲ್ಲ ಮಾವ, ನಿಜ. ಸರ್ಕಾರ ಕಾನೂನು ಮಾಡ್ತು. ಈ ಪ್ರಾಂತ್ಯದಲ್ಲಿ ಬಣ್ಣ ಮಾರಬೇಕಾದ್ರೆ ಉಳಿದ ಬಣ್ಣ ವಾಪಸ್ ತಗೊಳ್ಳೋ ಏರ್ಪಾಡೂ ನಿಮ್ಮದೇ ಅಂತ. ಹೇಗೆ ಮಾಡ್ತೀರಿ ಮೊದಲೇ ಹೇಳಿ, ಎಷ್ಟು ಬಂತು, ಏನಾಯ್ತು ಅಂತ ವರ್ಷಾವರ್ಷ ವರದಿ ಕೊಡಿ ಅಂತ. ಆಗ ಕಂಪನಿಗಳೆಲ್ಲ ಸೇರಿ ಒಂದು ಸಂಸ್ಥೆ ಮಾಡ್ಕೊಂಡ್ರು. ಡಿಪೊ, ಲಾರಿ, ಮರುಬಳಕೆ ಎಲ್ಲಾ ಅವರ ತಲೆನೋವು. ಸರಿಯಾಗಿ ಮಾಡ್ತಿದ್ದಾರಾ ಅಂತ ನೋಡೋದು ಸರ್ಕಾರ.”

“ಖರ್ಚು ಯಾರದ್ದು?”

“ಹೊಸ ಡಬ್ಬಿ ಕೊಳ್ಳುವಾಗ ನಾವೇ ಸ್ವಲ್ಪ ಕೊಡ್ತೀವಿ. ಸುಳ್ಳು ಯಾಕೆ ಹೇಳಲಿ?”

“ಅಲ್ಲಿಗೆ ನೋಡು! ತಿರುಗಿ ತಿರುಗಿ ನನ್ನ ಜೇಬಿಗೇ ಬಂತು.”

“ಕೊಟ್ಟಾಗಿದೆಯಲ್ಲ ಮಾವ. ಕೊಟ್ಟ ಮೇಲೂ ಡಬ್ಬೀನ ಸ್ಟೋರಲ್ಲಿ ಕೊಳೆಸೋದು ಅಂದ್ರೆ, ಊಟಕ್ಕೆ ದುಡ್ಡು ಕೊಟ್ಟು ಉಪವಾಸ ಎದ್ದು ಬಂದ ಹಾಗೆ.”

ಅಜರಾಯ ಮೇಜು ಕುಟ್ಟಿದ. “ಇದೆಲ್ಲ ನನಗೆ ತಿಳಿಯಲ್ಲ. ಮಾರಿದ ಮೇಲೆ ಸರಕು ಕೊಂಡವನದು. ಮಾರಿದವನಿಗೇನು ಹೊಣೆ?”

ಒಲೆಯ ಮುಂದಿದ್ದ ಡ್ರುಸಿಲಾ ಮೆಲ್ಲಗೆ ತಿರುಗಿದಳು. “ಆ ಮಾತು ನೀನು ಆಡ್ತೀಯಾ ಸ್ಕಿಪ್ಪರ್?”

ದೋಣಿಯ ಯಜಮಾನರನ್ನೂ ಹಿರಿಯರನ್ನೂ ಅಲ್ಲಿಯವರು ಸ್ಕಿಪ್ಪರ್ ಎನ್ನುತ್ತಾರೆ. ಅವಳು ಗಂಡನನ್ನು ಹಾಗೆ ಕರೆಯುವುದು ತುಂಬ ಕೋಪ ಬಂದಾಗ, ಇಲ್ಲವೇ ತುಂಬ ಪ್ರೀತಿ ಉಕ್ಕಿದಾಗ. ಈಗ ಯಾವುದೆಂದು ಅವನಿಗೆ ಗೊತ್ತಾಗಲಿಲ್ಲ.

“ಎಸಾವ್ ಪಾರ್ಡಿಯ ದೋಣಿ ನೆನಪಿದೆಯಾ?” ಎಂದಳು.

ಗ್ಯಾನೆಟ್ ಕೋವಿನಲ್ಲಿ ದೋಣಿಯೊಂದು ಮುಪ್ಪಾಗಿ ಇನ್ನು ನೀರಿಗಿಳಿಯದೆಂದು ಆದಾಗ, ಒಡೆಯ ಅದನ್ನು ತಾನೇ ಒಡೆಯುತ್ತಿರಲಿಲ್ಲ, ದಂಡೆಯಲ್ಲಿ ಕೊಳೆಯಲೂ ಬಿಡುತ್ತಿರಲಿಲ್ಲ. ‘ಕಟ್ಟಿದ ಕೈ ಬರಲಿ’ ಎಂದು ಹೇಳಿಕಳಿಸುತ್ತಿದ್ದ. ದೋಣಿ ಎಷ್ಟು ಕೈ ಬದಲಾಗಿದ್ದರೂ ಕಟ್ಟಿದವನು ತನ್ನದೇ ಸುತ್ತಿಗೆ ಹಿಡಿದು ಹೋಗಬೇಕು. ಹಲಗೆ ಬಿಚ್ಚಬೇಕು, ಗಟ್ಟಿಯಿದ್ದ ಮರವನ್ನು ಮುಂದಿನ ದೋಣಿಗೆ ತೆಗೆದಿಡಬೇಕು, ಉಳಿದದ್ದನ್ನು ಒಲೆಗೆ ಹಾಕಬೇಕು. ಅದು ಆ ಊರಿನ ನಡೆ.

“ಹಿಮದ ಮಳೆ ಸುರೀತಿತ್ತು, ನಿನಗೆ ಜ್ವರ,” ಎಂದಳು ಡ್ರುಸಿಲಾ. “ಮಾರಿದ ದೋಣಿ, ನಿನಗೇನು ಹೊಣೆ ಅಂತ ನಾನೇ ಬಾಗಿಲಿಗೆ ಅಡ್ಡ ನಿಂತಿದ್ದೆ. ನೀನು ಏನಂದೆ?”

ಅಜರಾಯ ತನ್ನ ಅಂಗೈಯನ್ನು ನೋಡಿಕೊಂಡ. “ಮೊಳೆ ಎಲ್ಲೆಲ್ಲಿದೆ ಅನ್ನೋದು ಹೊಡೆದವನಿಗೇ ಗೊತ್ತು ಅಂದೆ.”

“ಅಷ್ಟೇ ಮಾವ,” ಎಂದಳು ಮೆಲ್ವೀನಾ. “ಬಣ್ಣದೊಳಗೆ ಏನೇನು ಹಾಕಿದ್ದಾರೆ ಅಂತ ಮಾಡಿದವರಿಗೇ ಗೊತ್ತು. ಕೊನೆಗೆ ಬಿಚ್ಚೋ ಕೆಲಸ ತಮ್ಮ ಕೊರಳಿಗೇ ಬರುತ್ತೆ ಅಂತಾದ್ರೆ, ಬಿಚ್ಚೋದಕ್ಕೆ ಸುಲಭ ಆಗೋ ಹಾಗೇ ಕಟ್ಟೋಣ ಅಂತಲೂ ಅವರಿಗೆ ಅನ್ನಿಸುತ್ತೆ.”

“ನಾನೂ ಹಾಗೇ ಕಟ್ತಿದ್ದೆ,” ಎಂದ ಅಜರಾಯ, ತನಗೇ ಹೇಳಿಕೊಳ್ಳುವಂತೆ. ಆಮೇಲೆ ತಲೆಯೆತ್ತಿ, “ಆದ್ರೆ ನಾನು ಇದೇ ಊರವನು. ಎಸಾವನ ಮುಖ ದಿನಾ ನೋಡಬೇಕಿತ್ತು. ಕಂಪನಿಗೆ ಯಾರ ಮುಖದ ಹಂಗು?”

“ಅದಕ್ಕೇ ಸರ್ಕಾರ ಬೇಕಾಗಿರೋದು. ಕಟ್ಟಿದ ಕೈ ಬರಲಿ ಅಂತ ಹೇಳಿಕಳಿಸೋರು ಯಾರಾದ್ರೂ ಬೇಕಲ್ಲ?”

ಅಜರಾಯ ತಟ್ಟೆಯಲ್ಲಿ ಉಳಿದಿದ್ದ ಕಾಕಂಬಿಯನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡ. “ಶನಿವಾರ ನಿನ್ನ ವ್ಯಾನು ಖಾಲಿ ಇರುತ್ತಾ?” ಎಂದ.

ಆ ಶನಿವಾರ ಡಬ್ಬಿಗಳೆಲ್ಲ ತಂತಮ್ಮ ಹೆಸರಿನೊಡನೆ, ಮುಚ್ಚಳ ಬಿಗಿಸಿಕೊಂಡು, ವ್ಯಾನಿನಲ್ಲಿ ನೆಟ್ಟಗೆ ಕೂತು ಪಟ್ಟಣದ ಡಿಪೊಗೆ ಹೋದವು. ಡಿಪೊದ ಗಾರ್ಲೆಂಡ್ ಒಂದೊಂದನ್ನೇ ತಿರುಗಿಸಿ ನೋಡಿ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಟ್ಟ. ಡ್ರಮ್ಮಿನ ಮುಂದೆ ಬಂದಾಗ ಮಾತ್ರ ಅವನ ಕೈ ನಿಂತಿತು.

“ಇದೇನು ಸ್ಕಿಪ್ಪರ್?”

“ಇದ್ದದ್ದು.”

“ಇದ್ದದ್ದನ್ನ ನಾನು ತಗೊಳ್ಳೋ ಹಾಗಿಲ್ಲ. ಒಳಗೆ ಏನಿದೆ ಅಂತ ಗೊತ್ತಿಲ್ಲದ್ದು ಈ ಏರ್ಪಾಡಿಗೆ ಸೇರಲ್ಲ. ಅಪಾಯದ ಕಸ ತಗೊಳ್ಳೋದಕ್ಕೆ ಅಂತಲೇ ಒಂದು ದಿನ ಇಡ್ತಾರೆ, ಆಗ ತನ್ನಿ. ಅಲ್ಲೀವರೆಗೂ ಮುಚ್ಚಿಡಿ.”

ಡ್ರಮ್ಮು ಮರಳಿ ಸ್ಟೋರಿಗೆ ಬಂತು. ಅದರ ಮೇಲೆ ಡ್ರುಸಿಲಾ ದಪ್ಪ ಅಕ್ಷರದಲ್ಲಿ ಬರೆದಂಟಿಸಿದಳು: ‘ಅಜರಾಯನ ತಪ್ಪು. ಕಲಕಬೇಡಿ.’

ಅದಕ್ಕೂ ಮೊದಲು, ಡಿಪೊದಲ್ಲೇ, ಒಂದು ಡಬ್ಬಿಯನ್ನು ಅಜರಾಯ ಕೈಬಿಟ್ಟಿರಲಿಲ್ಲ. ಎಳೆಯ ಹಸಿರು. ಮದುವೆಯಾದ ಹೊಸತರಲ್ಲಿ ಡ್ರುಸಿಲಾ ತಾನೇ ಆರಿಸಿ ಅಡುಗೆಮನೆಗೆ ಬಳಿಸಿದ ಬಣ್ಣ. ಗೋಡೆ ಎಷ್ಟು ಸಲ ಮಾಸಿದರೂ ಅದನ್ನೇ ಹುಡುಕಿ ತರುತ್ತಿದ್ದ. ಕಡೆಯ ಸಲ ತಂದದ್ದು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಈಗ ಅಡುಗೆಮನೆಗೆ ಮರದ ಹಲಗೆ ಹೊದಿಸಿ ಆಗಿತ್ತು.

ಗಾರ್ಲೆಂಡ್ ಮುಚ್ಚಳ ತೆರೆದು ಕೋಲಿನಿಂದ ಕಲಕಿದ. “ಚೆನ್ನಾಗೇ ಇದೆಯಲ್ಲ! ಇದನ್ನ ಆ ಕಪಾಟಿನಲ್ಲಿಡಿ. ಬೇಕಾದವರು ಹಾಗೇ ಒಯ್ದು ಬಳಿದುಕೊಳ್ಳಲಿ.”

ಅಜರಾಯ ಡ್ರುಸಿಲಾಳ ಮುಖ ನೋಡಿದ. ಅವಳು ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು, ಹೆಸರು ಎದುರಿಗೆ ಕಾಣುವಂತೆ ಕಪಾಟಿನಲ್ಲಿಟ್ಟು, ಮಗುವಿನ ತಲೆ ಸವರುವಂತೆ ಮುಚ್ಚಳವನ್ನೊಮ್ಮೆ ಸವರಿದಳು.

ಬೇಸಿಗೆ ಬಂತು. ಮೆಲ್ವೀನಾಳ ಹಗ್ಗಗಳು ಚಿಪ್ಪು ತುಂಬಿ ಮೇಲೆದ್ದವು. ನೀರೂ ಚಿಪ್ಪೂ ಎರಡೂ ಪರೀಕ್ಷೆಯಲ್ಲಿ ಶುದ್ಧವೆಂದು ಬಂದವು. ಮೊದಲ ಬುಟ್ಟಿ ಡ್ರುಸಿಲಾಳ ಒಲೆಗೇ ಬಂತು. ಮರುದಿನ ಭಾನುವಾರ, ಚರ್ಚಿನಿಂದ ಮರಳುವಾಗ, ಬಂದರಿನ ಆಚೆ ದಂಡೆಯಲ್ಲಿ ಹೊಸದಾಗಿ ಬಂದಿಳಿದ ಸಂಸಾರದ ಮನೆಯ ಮುಂದೆ ಅಜರಾಯ ಥಟ್ಟನೆ ನಿಂತ. ಬಿಳಿಯ ಗೋಡೆಯ ನಡುವೆ ಬಾಗಿಲೊಂದು ಎಳೆಯ ಹಸಿರಿನಲ್ಲಿ ಹೊಳೆಯುತ್ತಿತ್ತು.

“ಡ್ರುಸೀ, ಅದು...”

“ನನ್ನ ಅಡುಗೆಮನೆ,” ಎಂದಳು ಡ್ರುಸಿಲಾ, ಅವನ ತೋಳು ಹಿಡಿದು. “ಮೆಲ್ಲಗೆ ನಡಿ ಸ್ಕಿಪ್ಪರ್. ಸ್ವಲ್ಪ ಹೊತ್ತು ನೋಡೋಣ.”

ಓದುವ ಅಕ್ಕ ಅಣ್ಣಂದಿರೇ, ನಿಮ್ಮ ಅಟ್ಟದ ಮೇಲೂ, ಮಂಚದ ಕೆಳಗೂ ಇಂಥವು ಇದ್ದೇ ಇರುತ್ತವೆ: ಉಳಿದ ಬಣ್ಣ, ಸತ್ತ ಬ್ಯಾಟರಿ, ಕೆಟ್ಟ ಟಿ.ವಿ., ಬಾಯಿ ಮುಚ್ಚಿದ ಮೊಬೈಲು. ಅವನ್ನು ಚರಂಡಿಗೆ ಸುರಿಯಬೇಡಿ, ಸುಡಬೇಡಿ, ಒಂದರೊಳಗೊಂದು ಕಲಸಬೇಡಿ. ಅದರದರ ಡಬ್ಬಿಯಲ್ಲೇ, ಹೆಸರು ಅಳಿಯದಂತೆ ಇಡಿ. ನಮ್ಮ ನಾಡಿನಲ್ಲೂ ಬ್ಯಾಟರಿ, ಟಿ.ವಿ., ಮೊಬೈಲುಗಳನ್ನು ಮಾಡಿ ಮಾರುವವರ ಮೇಲೆ ಕಾನೂನು ಈ ಹೊಣೆಯನ್ನು ಹೊರಿಸಿದೆ. ಮುಂದಿನ ಸಲ ಅಂಗಡಿಗೆ ಹೋದಾಗ ಸಂಕೋಚಪಡದೆ ಕೇಳಿ: ಇದರ ಆಯುಸ್ಸು ಮುಗಿದ ಮೇಲೆ ಇದನ್ನು ಎಲ್ಲಿಗೆ ತಂದು ಕೊಡಬೇಕು? ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಪಂಚಾಯಿತಿಯಲ್ಲಿ ಕೇಳಿ, ಪುರಸಭೆಯಲ್ಲಿ ಕೇಳಿ. ಕರೆಯುವವರಿದ್ದರೆ ಕಟ್ಟಿದ ಕೈ ಬಂದೇ ಬರುತ್ತದೆ. ಕರೆಯುವ ದನಿ ನಿಮ್ಮದಾಗಲಿ.