ಏಕಾದಶಿಯ ಎರಡು ಇಡ್ಲಿ

ಗಂಡ ವಿಷ್ಣುತೀರ್ಥನಿಗೆ ತನ್ನದೊಂದು ಕಿಡ್ನಿ ಕೊಡಲು ಜಯಲಕ್ಷ್ಮಿ ಯಾವತ್ತೋ ಸಿದ್ಧಳಾಗಿದ್ದಳು. ಒಪ್ಪಬೇಕಾದವರು ಮೇಜಿನಾಚೆ ಕೂತ ಮೂವರು. ದುಡ್ಡಿಗಾಗಿ ಹೆಂಡತಿಯ ವೇಷ ಹಾಕಿ ಬರುವವರೂ ಇರುತ್ತಾರೆಂದು ಆಸ್ಪತ್ರೆಯ ಅನುಮತಿ ಸಮಿತಿ ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆಯಾಗಿ ಕರೆದು ಒಂದೇ ಪ್ರಶ್ನೆಗಳನ್ನು ಕೇಳುತ್ತದೆ. ಇವತ್ತು ತಪ್ಪಿದರೆ ಮುಂದಿನ ಸಭೆ ತಿಂಗಳ ಮೇಲೆ. ಡಯಾಲಿಸಿಸ್ ಸೂಜಿಗೆ ಅವನ ಕೈಯಲ್ಲಿ ನರವೇ ಉಳಿದಿರಲಿಲ್ಲ. ಅಷ್ಟು ದಿನ ತಾಳುವುದು ಕಷ್ಟವೆಂದು ಡಾಕ್ಟರೇ ಹೇಳಿದ್ದರು.

ಮದುವೆಯ ತಾರೀಕು, ಗೋತ್ರ, ಅತ್ತೆಯ ತವರು, ಎಲ್ಲವನ್ನೂ ಅವಳು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಪಾಪ, ಅದೇ ಮುಳುವಾಯಿತು. ತಡವರಿಸದೆ ಒಪ್ಪಿಸಿದಷ್ಟೂ ನಡುವೆ ಕೂತ ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು.

"ನಿನ್ನೆ ಏನು ಊಟ?" ಆಕೆ ತಮಿಳಿನಲ್ಲಿ ಕೇಳಿದರು.

"ಏಕಾದಶಿ. ಇಬ್ಬರೂ ಉಪವಾಸ. ಕಾಯಿಲೆಯವರು, ತಿನ್ನಿ ಅಂದೆ, ಕೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದೂ ತಪ್ಪಿಸಿದವರಲ್ಲ."

"ತ್ರಿಪ್ಲಿಕೇನ್ ಮೆಸ್ಸಿನಲ್ಲಿ ಎರಡು ಇಡ್ಲಿ ತಿಂದೆ ಅಂತ ಅವರೇ ಹೇಳಿದರಲ್ಲ?" ಡಾಕ್ಟರಮ್ಮ ಫೈಲನ್ನು ಪಕ್ಕಕ್ಕೆ ಸರಿಸಿದರು. "ಒಂದೇ ಮನೆಯಲ್ಲಿರುವವರಿಗೆ ಇಷ್ಟೂ ಗೊತ್ತಿರುವುದಿಲ್ಲವೇ?"

ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಇಡ್ಲಿಗೆ ಜೀವವೇ ಹೋಗುವಂತಿತ್ತು. ಅವಳು ಎದ್ದು ಕೈ ಮುಗಿದಳು.

"ನಿಮ್ಮ ಕಾಲಿಗೆ ಬೀಳ್ತೀನಿ, ಒಮ್ಮೆ ಅವರನ್ನ ಕರೀರಿ."

ಅವನು ಗೋಡೆ ಹಿಡಿದುಕೊಂಡು ಬಂದ.

"ರೀ, ನಿನ್ನೆ ಏನು ತಿಂದ್ರಿ?"

ಗುರುತಿಲ್ಲದ ಮೂವರಿಗೆ ಆಗಷ್ಟೇ ನಿಜ ಹೇಳಿ ಹೋಗಿದ್ದ ಮಹಾರಾಯ, ಹೆಂಡತಿಯ ಮುಖ ಕಂಡದ್ದೇ ಕಿವಿಯ ಹಾಲೆ ತೀಡತೊಡಗಿದ.

"ಏನೂ ಇಲ್ವೇ. ಉಪವಾಸ ಅಲ್ವಾ."

"ಇಲ್ಲಿ ಬಂದೂ ಪೊಯ್ಯಾ? ಸುಳ್ಳು ಹೇಳ್ತೀರಾ?" ಅವಳು ಹಣೆ ಚಚ್ಚಿಕೊಂಡಳು. "ನಿಮ್ಮ ಜೀವ ಉಳೀಲಿ ಅಂತ ನಾನು ನೀರೂ ಮುಟ್ಟಲಿಲ್ಲ. ನಿಜ ಬೊಗಳ್ರೀ, ಇಲ್ದಿದ್ರೆ ಸಾಯ್ತೀರಿ!"

ಅವನ ತಲೆ ಬಗ್ಗಿತು. "ಪ್ರತಿ ಏಕಾದಶಿಗೂ ತಿಂತಿದ್ದೆ, ಜಯಾ. ನೀನು ನೊಂದ್ಕೋತೀಯಾ ಅಂತ ಹೇಳಲಿಲ್ಲ."

ಅವಳು ಗೊಳೋ ಎಂದು ಅತ್ತಳು. ಡಾಕ್ಟರಮ್ಮ ಫೈಲನ್ನು ಹತ್ತಿರಕ್ಕೆಳೆದುಕೊಂಡು ಸಹಿ ಹಾಕಿದರು. "ಬಾಡಿಗೆ ಹೆಂಡತಿಯಾಗಿದ್ದರೆ ಇಬ್ಬರ ಮಾತೂ ಒಂದೇ ಇರುತ್ತಿತ್ತಮ್ಮ," ಎಂದರು.

ಹೊರಗೆ ಬೆಂಚಿನ ಮೇಲೆ ಕೂತಾಗ ಅವಳು ಕೇಳಿದಳು, "ಆಪರೇಷನ್ ಅಂದ್ರೆ ಭಯ ಇದೆಯೇನ್ರೀ?"

"ಛೆ, ನನಗೇನು ಭಯ?"

ಅವನ ಕೈ ಕಿವಿಯ ಹಾಲೆಯ ಮೇಲಿತ್ತು. ಇಪ್ಪತ್ತಾರು ವರ್ಷ ಕಣ್ಣೆದುರಿಗಿದ್ದೂ ಈ ಗುರುತನ್ನು ಅವಳು ನೋಡಿರಲಿಲ್ಲ. ಆ ಕೈಯನ್ನು ಬಿಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ನನಗೂ ಇದೆ," ಅಂದಳು.