ನಾಲ್ಕು ತಾಸಿನ ಬ್ಯಾಟರಿ

ಸಹಾರುದ್ದೀನನಿಗೆ ಸೂಜಿಯ ಭಯವಿರಲಿಲ್ಲ. ಮೂವತ್ತು ವರ್ಷ ಮಲೇಷ್ಯಾದ ಇಪೋಹ್ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿದ ಕೈಗೆ ಎರಡು ಸೂಜಿ ಯಾವ ಲೆಕ್ಕ. ಅವನಿಂದ ಆಗದಿದ್ದದ್ದು ಸುಮ್ಮನೆ ಕೂರುವುದು. ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ, ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ, ಎಡಗೈ ಅಲುಗಿಸದೆ ಡಯಾಲಿಸಿಸ್ ಕುರ್ಚಿಯಲ್ಲಿ ಕೂರಬೇಕು. ಕಿವಿಯಲ್ಲಿ ಆ ಕಡೆಯ ಹಳೆಯ ಕೆರೊಂಚೊಂಗ್ ಹಾಡುಗಳಿದ್ದರೆ ಹೇಗೋ ಕೂರುತ್ತಿದ್ದ. ಹಾಡು ನಿಂತಿತೋ, ಯಂತ್ರದ ಗುಂಯ್ ಸದ್ದು ತಲೆಯೊಳಗೆ ಹೊಕ್ಕು, ಎದೆ ಬಿಗಿದು, ಕಿತ್ತುಹಾಕಿ ಇದನ್ನ ಎಂದು ಕೂಗಾಡುತ್ತಿದ್ದ.

ಹೋದ ವಾರ ಎರಡು ಸಲ ಹಾಗೇ ಅರ್ಧಕ್ಕೆ ಎದ್ದುಹೋಗಿದ್ದ. ಮೈಯಲ್ಲಿ ನೀರು ಉಳಿದು ಪಾದ ಊದಿದವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಡಾಕ್ಟರು ಒಂದೇ ಮಾತು ಹೇಳಿದ್ದರು: ಇನ್ನೊಮ್ಮೆ ಅರ್ಧಕ್ಕೆ ಎದ್ದರೆ ಮನೆಗಲ್ಲ, ನೇರ ವಾರ್ಡಿಗೆ.

ಎಲ್ಲಕ್ಕೂ ಕಾರಣ ಅವನ ಹಾಡಿನ ಪುಟ್ಟ ಪ್ಲೇಯರಿನ ಬ್ಯಾಟರಿ. ಎಂಜಿನ್ ಸದ್ದಿಗೆ ಅವನ ಕಿವಿ ಮಂದವಾಗಿತ್ತು. ದೊಡ್ಡ ಹೆಡ್‌ಫೋನಿಗೆ ಪ್ಲೇಯರಿನ ದನಿ ಸಾಲದೆಂದು ಹತ್ತು ದಿನದ ಹಿಂದೆ ಒಂದು ಹಳೆಯ ಆಂಪ್ಲಿಫೈಯರ್ ಕೊಂಡಿದ್ದ. ಅಂಗೈಯಗಲದ ಡಬ್ಬಿ. ಅದನ್ನು ಪ್ಲೇಯರಿನ ಬೆನ್ನಿಗೆ ಒತ್ತಿ, ಎರಡು ದಪ್ಪ ರಬ್ಬರ್ ಬ್ಯಾಂಡ್ ಬಿಗಿದು, ಚೋಟುದ್ದದ ವೈರಿನಿಂದ ಜೋಡಿಸಿದ್ದ. ಒಳ್ಳೆಯ ದನಿಯ ಹುಚ್ಚು ಹಿಡಿದವರೆಲ್ಲ ಹಾಗೇ ಕಟ್ಟುವುದು. ದನಿಯೇನೋ ಬಂಗಾರವಾಯಿತು. ಆದರೆ ಎಂಟು ತಾಸು ಹಾಡುತ್ತಿದ್ದ ಪ್ಲೇಯರ್ ಎರಡೇ ತಾಸಿಗೆ ಕಣ್ಣು ಮುಚ್ಚತೊಡಗಿತು.

"ಚಾರ್ಜಿಗೆ ಹಾಕಿದ್ದೆ ತಾನೆ?" ಎಂದು ಈ ದಿನ ಡಯಾಲಿಸಿಸ್ ಕೇಂದ್ರದ ಬಾಗಿಲಲ್ಲೇ ಹೆಂಡತಿಯನ್ನು ಗದರಿದ.

"ಹಾಕಿದ್ದೆ ಅಬಾಂಗ್. ನೂರು ಅಂತ ತೋರಿಸ್ತಿದೆ, ನೀವೇ ನೋಡಿ," ಎಂದಳು ರೋಕಿಯಾ.

"ಹೋದ ವಾರಾನೂ ಹಿಂಗೇ ಅಂದಿದ್ದೆ."

ಅವಳು ಹೊರಗಿನ ಬೆಂಚಿಗೆ ಹೋಗಿ ಕುಳಿತಳು.

ಎಂಟೂ ಕಾಲಿಗೆ ಪ್ಲೇಯರಿನ ಪರದೆಯ ಮೇಲೆ ನಲವತ್ತೈದು. ಇನ್ನು ಒಂದು ತಾಸಿಗೆ ಹಾಡು ಸಾಯುತ್ತದೆ, ಆಮೇಲೆ ಎರಡು ತಾಸು ಬರೀ ಯಂತ್ರ. ಸಹಾರುದ್ದೀನ್ ಬಾಯಿಗೆ ಬಂದಂತೆ ಬೈಯತೊಡಗಿದ.

"ಯಾರಿಗೆ ಪಾಕ್ ಲೋಂಗ್ ಈ ಅರ್ಚನೆ?" ಬಲಗಡೆಯ ಕುರ್ಚಿಯಿಂದ ಚಾನ್ ವೆಂಗ್ ಫಾಟ್ ಕೇಳಿದ. ಸಹಾರುದ್ದೀನನನ್ನು ಅಲ್ಲಿ ಎಲ್ಲರೂ ಪಾಕ್ ಲೋಂಗ್, ಅಂದರೆ ದೊಡ್ಡಪ್ಪ, ಎಂದೇ ಕರೆಯುವುದು. ಚಾನ್ ನಲವತ್ತು ವರ್ಷ ರೇಡಿಯೋ ರಿಪೇರಿ ಅಂಗಡಿ ನಡೆಸಿದ ಮುದುಕ, ಅಂಗಡಿಯ ಲೆಕ್ಕಕ್ಕೆ ಅವನು ‘ತೌಕೆ’, ಅಂದರೆ ಸಾಹುಕಾರ.

"ಇದಕ್ಕೆ ತೌಕೆ. ಒಂದು ತಾಸಲ್ಲಿ ಅರ್ಧ ಬ್ಯಾಟರಿ ನುಂಗ್ತು."

"ಕೊಡಿಲ್ಲಿ."

"ನಿನ್ನ ಕಾಲದ ರೇಡಿಯೋ ಅಲ್ಲ ಇದು."

"ನಿನ್ನ ಕಾಲದ ಬಸ್ಸೂ ಅಲ್ವಲ್ಲ. ಕೊಡು."

ಚಾನ್ ಕನ್ನಡಕದ ಮೇಲಿಂದ ನೋಡಿದ. "ಆಂಪ್ಲಿಫೈಯರಿಗೆ ಅದರದ್ದೇ ಬ್ಯಾಟರಿ ಇದೆ ಅಲ್ವಾ? ಅದನ್ನೂ ಚಾರ್ಜ್ ಮಾಡ್ತೀಯಾ?"

"ಯಾಕೆ ಮಾಡ್ಬೇಕು? ಅದು ಒಂದಿನಾನೂ ಖಾಲಿ ಆಗಿಲ್ಲ. ಈ ಜೋಡೀಲಿ ನಿಯತ್ತಿರೋದು ಅದಕ್ಕೊಂದಕ್ಕೇ."

"ನಿಯತ್ತಲ್ಲ ಮಾರಾಯ, ಕಳ್ಳತನ. ರಬ್ಬರ್ ಬ್ಯಾಂಡ್ ಬಿಚ್ಚು."

ಇಬ್ಬರಿಗೂ ಸೇರಿ ಇದ್ದದ್ದು ಎರಡೇ ಕೈ. ಚಾನನ ಸೂಜಿ ಬಲಗೈಯಲ್ಲಿ. ಎರಡು ಕುರ್ಚಿಗಳ ನಡುವೆ ಅವನ ಎಡಗೈ ಡಬ್ಬಿ ಹಿಡಿಯಿತು, ಸಹಾರುದ್ದೀನನ ಬಲಗೈ ಬ್ಯಾಂಡು ಎಳೆಯಿತು.

"ತಾತಂದಿರಾ, ಸೂಜಿ ಅಲ್ಲಾಡಿದ್ರೆ ಇಬ್ಬರನ್ನೂ ಕುರ್ಚಿಗೇ ಕಟ್ಟಿಹಾಕ್ತೀನಿ," ಎಂದಳು ನರ್ಸ್ ನೊರ್ಮಾಲಾ.

"ಕಟ್ಟಿರೋದು ಸಾಲದಾ ಮಿಸಿ?" ಎಂದ ಚಾನ್.

ಬ್ಯಾಂಡಿನ ಕೆಳಗೆ ಅಕ್ಕಿಕಾಳಿನಷ್ಟು ಸ್ವಿಚ್ಚೊಂದು ಪೂರಾ ಒಂದು ಬದಿಗೆ ವಾಲಿತ್ತು.

"ಕಂಡ್ಯಾ? ಇದು ಪ್ಲೇಯರಿಂದ ಚಾರ್ಜ್ ಎಳ್ಕೊಳ್ಳೋ ಸ್ವಿಚ್ಚು. ನಿನ್ನ ಬ್ಯಾಂಡು ಅದನ್ನ ತಳ್ಳಿ ಕೂರಿಸಿದೆ. ಪಾಪ, ಪ್ಲೇಯರು ಹಾಡೂ ಹಾಡ್ಬೇಕು, ಬೆನ್ನೇರಿ ಕೂತವನಿಗೆ ಊಟಾನೂ ಹಾಕ್ಬೇಕು."

ಚಾನ್ ಉಗುರಿನಿಂದ ಸ್ವಿಚ್ಚನ್ನು ಆಚೆ ನೂಕಿದ. ಬ್ಯಾಂಡನ್ನು ಒಂದು ಬೆರಳಿನಷ್ಟು ಮೇಲಕ್ಕೆ ಸರಿಸಿ ಹಾಕಿದರು.

"ಉಳಿದದ್ದು ಹನ್ನೊಂದರ ತನಕ ಬರತ್ತಾ?"

"ಬರ್ಬೇಕು. ನೋಡ್ತಾ ಕೂತ್ರೆ ಪರದೆ ಉರಿಯೋಕೂ ಕರೆಂಟ್ ಬೇಕು. ಕಣ್ಣು ಮುಚ್ಚು."

ಸಹಾರುದ್ದೀನ್ ಕಣ್ಣು ಮುಚ್ಚಿದ. ಮೂರು ಹಾಡು ತಡೆದು ಕದ್ದು ನೋಡಿದ: ನಲವತ್ತೆರಡು. ಒಂಬತ್ತೂವರೆಗೆ ಮೂವತ್ತು. ಹಿಂದಿನ ಸಲ ಇಷ್ಟೊತ್ತಿಗೆ ಸೂಜಿ ಕೀಳಲು ಕೂಗಾಡುತ್ತಿದ್ದ. ಹೆಗಲು ತಾನಾಗಿಯೇ ಇಳಿಯಿತು. ಹತ್ತರ ಹೊತ್ತಿಗೆ ಬ್ಯಾಟರಿಯೇ ಮರೆತುಹೋಯಿತು. ಒಂದು ಹಾಡಿನ ಜೊತೆ ಗುನುಗಿದ್ದಕ್ಕೆ ಚಾನ್, "ಯಂತ್ರದ ಸದ್ದೇ ವಾಸಿ," ಎಂದ.

ಹನ್ನೊಂದಕ್ಕೆ ನೊರ್ಮಾಲಾ ಭುಜ ತಟ್ಟಿದಾಗ ಹಾಡು ಇನ್ನೂ ನಡೆದಿತ್ತು. ಪರದೆಯಲ್ಲಿ ಹದಿನಾಲ್ಕು.

ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಮೂರು ಕಿಲೋ ನೀರು ಇಳಿದಿತ್ತು. "ಡಾಕ್ಟರು ಹೇಳಿದಷ್ಟು ಇಳಿದಿದೆ ಪಾಕ್ ಲೋಂಗ್. ವಾರ್ಡು ಬೇಡ, ಮನೆಗೆ ನಡೀರಿ."

ಅವನು ಎದೆ ತುಂಬ ಉಸಿರೆಳೆದ. ಎಲ್ಲೂ ತಡೆಯಲಿಲ್ಲ. ಇನ್ನೊಮ್ಮೆ ಎಳೆದ.

ರೋಕಿಯಾ ಬೆಂಚಿನಿಂದ ಎದ್ದು ಅವನ ಮುಖ ನೋಡಿದಳು. "ಪೂರ್ತಿ ಆಯ್ತಾ?"

"ಪೂರ್ತಿ. ನೀನು ಸರಿಯಾಗೇ ಹಾಕಿದ್ದೆ ಕಣೆ. ತಪ್ಪು ನಂದೇ. ಹತ್ತು ದಿನದಿಂದ ಸುಮ್ಮನೆ ಬೈದೆ."

"ಹೂಂ," ಎಂದಳು ಅವಳು, ಚೀಲ ಅವನ ಕೈಗೆ ಕೊಡುತ್ತ. "ಇದನ್ನ ಹಿಡ್ಕೊಂಡು ನಡೀರಿ ಹಾಗಾದ್ರೆ."

ಅವನು ಚೀಲ ಹೆಗಲಿಗೇರಿಸಿದ.